ಗುಡ್ಡಕ್ಕೆ ಹೋದ ಭಾವ

ಅಕ್ಕನ ಬುದ್ಧಿ ನೆಟ್ಟಗಿದೆ ಎಂದು ಡಾಕ್ಟರಮ್ಮ ಬರೆದುಕೊಡಬೇಕಿತ್ತು. ಅದಿಲ್ಲದೆ ಉಯಿಲು ಮಾಡುವುದು ಬೇಡ ಎಂದು ವಕೀಲರು ಹೇಳಿದ್ದರು. "ನಾಳೆ ಯಾರಾದ್ರೂ ಕೋರ್ಟಿಗೆ ಹೋದ್ರೆ ಕಷ್ಟ ನೋಡಿ" ಎನ್ನುವಾಗ ಅವರು ಸೂರು ನೋಡುತ್ತಿದ್ದರು. ಆ 'ಯಾರಾದ್ರೂ' ತಾನೇ ಎಂದು ಬಾಗಿಲಿಗೆ ಒರಗಿದ್ದ ತಂಗಿಗೆ ತಿಳಿಯಿತು. ಅಕ್ಕನಿಗೆ ಮಕ್ಕಳಿಲ್ಲ. ರಕ್ತಸಂಬಂಧ ಎಂದರೆ ಇವಳೊಬ್ಬಳೇ; ಉಯಿಲಿಲ್ಲದಿದ್ದರೆ ಎಲ್ಲವೂ ಇವಳಿಗೇ.

ಮನೆ ತಂಗಿಗೆ. ಮನೆಯ ಹಿಂದಿನ ಗುಡ್ಡ, ನೆಲ ಕಾಯುವ ಒಂದು ಸಂಸ್ಥೆಗೆ. ಅವರು ಅದನ್ನು ಮಾರುವಂತಿಲ್ಲ, ಅಗೆಯುವಂತಿಲ್ಲ. ಮುಳ್ಳುಪೊದೆ ಇದ್ದಲ್ಲೇ ಇರಬೇಕು, ನರಿಯ ಬಿಲ ನರಿಗೇ ಇರಬೇಕು. ಅಕ್ಕ ಬಯಸಿದ್ದು ಇಷ್ಟೇ.

ಸುತ್ತಲ ಗುಡ್ಡಗಳನ್ನೆಲ್ಲ ಕಲ್ಲುಗಣಿ ನುಂಗಿ ನೀರು ಕುಡಿದಿತ್ತು. ಉಳಿದ ಇದೊಂದರ ಮೇಲೆ ಗಣಿಯ ಸಾಹುಕಾರ ಕಣ್ಣಿಟ್ಟಿದ್ದ. ತಂಗಿ ಕೆಲಸ ಮಾಡುವ ಲಾಂಡ್ರಿಗೇ ಬಂದು, "ನಿಮ್ಮಕ್ಕನ ಕಾಲ ಆದ್ಮೇಲೆ ನಿಮ್ಮನ್ನ ಕೈಬಿಡಲ್ಲಮ್ಮ" ಎಂದು ಹೇಳಿಹೋಗಿದ್ದ. ಇಸ್ತ್ರಿ ಮೇಜಿನ ಮುಂದೆ ನಿಂತೂ ನಿಂತೂ ಅವಳ ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು. ಗುಡ್ಡ ಮಾರಿದರೆ ಕೂತು ಉಣ್ಣಬಹುದು. ಹಾಗೆ ಯೋಚಿಸಿದಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೂ ಯೋಚನೆ ಬಿಡುತ್ತಿರಲಿಲ್ಲ.

ಭಾವ ಅದೇ ಗಣಿಯಲ್ಲಿ ಕಲ್ಲು ಕೊರೆಯುತ್ತಿದ್ದವರು. ಕೆಲಸ ಮುಗಿದರೆ ಮನೆಗೆ ಬಾರದೆ ನೇರ ಗುಡ್ಡ ಹತ್ತುವರು. ಕತ್ತಲಾಗುವ ಹೊತ್ತಿಗೆ ಇಳಿದು, "ಎದೆ ತೊಳ್ಕೊಂಡು ಬಂದೆ" ಎನ್ನುವರು. ಎಷ್ಟು ತೊಳೆದರೂ ಧೂಳು ಹೋಗಲಿಲ್ಲ, ಅವರೇ ಹೋದರು. ಅಕ್ಕ ಮಾತ್ರ ಒಂದು ದಿನವೂ ಅವರು ಸತ್ತರು ಎಂದವಳಲ್ಲ. ಊಟಕ್ಕೆ ಕೂತಾಗ ಕೇಳುವಳು: "ನಿಮ್ಮ ಭಾವನಿಗೆ ಮುಚ್ಚಿಟ್ಟೆಯೇನೇ?"

"ಇಟ್ಟಿದ್ದೆ, ಬೆಕ್ಕು ತಿಂದ್ಹೋಯ್ತು."

"ಹಾಳು ಬೆಕ್ಕು! ಅವರು ಇಳಿದು ಬಂದ್ರೆ ನೀನೇ ಉತ್ತರ ಹೇಳ್ಕೋ."

ಆ ಮನೆಯಲ್ಲಿ ಬೆಕ್ಕೂ ಇರಲಿಲ್ಲ. ವರ್ಷಗಟ್ಟಲೆ ಇಬ್ಬರೂ ಇದೇ ಮಾತಾಡಿ ನಕ್ಕು ಊಟ ಮಾಡಿದ್ದರು.

ಈಗ ಅಕ್ಕನ ಹೊಟ್ಟೆ ಊದಿ, ಕೈಕಾಲು ಕಡ್ಡಿಯಾಗಿ, ಮಂಚ ಬಿಟ್ಟು ಏಳುವಂತಿರಲಿಲ್ಲ. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಸ್ಟೂಲಿನ ಮೇಲೆ ಕೂತು ಒಂದೊಂದೇ ಕೇಳಿದಳು. ಇವತ್ತು ಯಾವ ವಾರ, ಏನೇನು ಆಸ್ತಿ ಇದೆ, ಯಾರಿಗೆ ಕೊಡುತ್ತೀರಿ. ಅಕ್ಕ ಎಲ್ಲದಕ್ಕೂ ಚಕಚಕ ಉತ್ತರ ಕೊಟ್ಟಳು.

"ನಿಮ್ಮ ಯಜಮಾನ್ರು?"

"ಗುಡ್ಡ ಹತ್ತಿದಾರೆ. ಹಸಿವಾದ್ರೆ ತಾವೇ ಇಳೀತಾರೆ."

ಪೆನ್ನು ನಿಂತಿತು. ಡಾಕ್ಟರಮ್ಮ ಅಕ್ಕನನ್ನು ಅಳೆಯುವಂತೆ ನೋಡಿದಳು. "ಅವರು ತೀರಿಕೊಂಡು ಎಷ್ಟು ವರ್ಷ ಆಯ್ತು ಅಜ್ಜಿ?"

"ಅಯ್ಯೋ, ಬಿಡ್ತು ಅನ್ನಮ್ಮ! ಅವರಿಗೆ ಕೇಳಿಸಿದ್ರೆ ಬೇಜಾರು ಮಾಡ್ಕೋತಾರೆ." ಅಕ್ಕ ತಂಗಿಯ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಡಾಕ್ಟರಮ್ಮ ಅದನ್ನು ನೋಡಲಿಲ್ಲ. ಅವಳು ತಂಗಿಯ ಕಡೆ ತಿರುಗಿದ್ದಳು. "ಯಾವಾಗ್ಲೂ ಹೀಗೇನಾ ಇವರು?"

ಅದು ತಮಾಷೆ ಅಮ್ಮಾ, ನಮ್ಮಿಬ್ಬರ ತಮಾಷೆ. ಅಷ್ಟು ಹೇಳಿದ್ದರೆ ಸಾಕಿತ್ತು. ತಂಗಿಯ ಕಾಲು ಸೆಳೆಯುತ್ತಿತ್ತು. ಕಿಟಕಿಯಾಚೆ ಗುಡ್ಡ ಸುಮ್ಮನೆ ನಿಂತಿತ್ತು.

"ಹೂಂ" ಎಂದಳು. "ಹೀಗೇ ಮಾತಾಡ್ತಾಳೆ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಕ್ಕನ ಮುಖದ ನಗು ಮಾತ್ರ ದೀಪ ಆರಿದಂತೆ ಹೋಯಿತು. "ಮುಂದಿನ ವಾರ ಇನ್ನೊಂದು ಸಲ ನೋಡ್ತೀನಿ. ಆಗಲೂ ಹೀಗೇ ಇದ್ರೆ ನಾನು ಬರೆದುಕೊಡೋಕಾಗಲ್ಲ" ಎಂದು ಡಾಕ್ಟರಮ್ಮ ಹೊರಟಳು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ವಾರವೆಲ್ಲ ತಂಗಿ ತಟ್ಟೆ ಹಿಡಿದು ಬಂದಾಗ ಅವಳು ಬಾಯಿ ತೆರೆದಳು, ನುಂಗಿದಳು, ಸಾಕು ಎಂದಳು. ಬೆಕ್ಕಿನ ಮಾತು ತಂಗಿಯ ಬಾಯಲ್ಲೇ ಉಳಿಯಿತು. ಗಣಿಯಲ್ಲಿ ಮದ್ದು ಸಿಡಿದು ಪಾತ್ರೆಗಳು ಗಲಗಲ ಅಂದಾಗಲೂ ಅಕ್ಕ ಕಿಟಕಿಯ ಕಡೆ ತಿರುಗಲಿಲ್ಲ.

ಡಾಕ್ಟರಮ್ಮ ಮತ್ತೆ ಬಂದಳು. ಈ ಸಲ ಸಾಕ್ಷಿಗೆಂದು ಪಕ್ಕದ ಮನೆಯ ಗಂಡಹೆಂಡತಿಯೂ ವಕೀಲರೂ ಜೊತೆಗಿದ್ದರು. ತಂಗಿ ನಡುವೆ ನುಗ್ಗಿ, "ಹೋದ ಸಲ ಅದು, ತಮಾಷೆಗೆ..." ಎಂದು ಶುರುಮಾಡಿದಳು.

"ನೀನು ಸುಮ್ನಿರೇ" ಎಂದಳು ಅಕ್ಕ. "ಕೇಳಮ್ಮ ನೀನು."

"ಯಜಮಾನ್ರು ಎಲ್ಲಿದಾರೆ?"

ಅಕ್ಕ ಎರಡು ಸಲ ತುಟಿ ಒದ್ದೆ ಮಾಡಿಕೊಂಡಳು. "ಸತ್ತುಹೋದ್ರು. ಕಲ್ಲಿನ ಧೂಳು ಎದೆಗೆ ತುಂಬ್ಕೊಂಡು, ಈ ಮಂಚದ ಮೇಲೇ. ಕೊನೆಗೆ ಕೆಮ್ಮೋಕೂ ಉಸಿರಿರಲಿಲ್ಲ. ನಾನೇ ಕಣ್ಣು ಮುಚ್ಚಿದೆ. ಈಗ ಅವರು ಎಲ್ಲೂ ಇಲ್ಲ. ಸಾಕೇನಮ್ಮ?"

ಸಾಕಾಯಿತು. ಡಾಕ್ಟರಮ್ಮ ಬರೆದುಕೊಟ್ಟಳು. ಅಕ್ಕ ದಿಂಬಿಗೆ ಒರಗಿ, ತಪ್ಪಿಲ್ಲದೆ ಸಹಿ ಮಾಡಿದಳು. ಸಾಕ್ಷಿಗಳು ಮಾಡಿದರು. ಗುಡ್ಡ ಉಳಿಯಿತು.

ಸಂಜೆ ತಂಗಿ ಅಕ್ಕನಿಗೆ ಉಣ್ಣಿಸಿದಳು. ಆಮೇಲೆ ಇನ್ನೊಂದು ತಟ್ಟೆಗೆ ಊಟ ಬಡಿಸಿ ಮಂಚದ ಹತ್ತಿರ ತಂದಳು.

"ಅಕ್ಕಾ, ಭಾವನಿಗೆ ಮುಚ್ಚಿಡ್ಲಾ?"

ಅಕ್ಕ ಅವಳನ್ನು, ಆ ತಟ್ಟೆಯನ್ನು ನೋಡಿದಳು. ಕೋಪವಿರಲಿಲ್ಲ. ಹೋದ ವಾರ ಡಾಕ್ಟರಮ್ಮ ತನ್ನನ್ನು ನೋಡಿದಂತೆಯೇ ನೋಡಿದಳು.

"ಸತ್ತೋರು ಉಣ್ತಾರೇನೇ?" ಎಂದು ಗೋಡೆಯ ಕಡೆ ಮಗ್ಗುಲಾದಳು.