ಸರದಿಯ ಹರಿವಾಣ

ರೂಫಿಸ್ಕ್ ಎಂಬ ಬಂದರು ಊರಿನ ಸಮುದ್ರದ ಕಡೆಯ ನಮ್ಮ ಕೇರಿಯಲ್ಲಿ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯಿತೆಂದರೆ ಗಂಡಸರ ಕಾಲುಗಳು ತಾವಾಗಿಯೇ ನಮ್ಮ ಮನೆಯ ಕಡೆ ತಿರುಗುತ್ತಿದ್ದವು. ಕರೆಯುವ ಅಗತ್ಯವೇ ಇರಲಿಲ್ಲ. ಬಿರಾಮನ ಮನೆಯ ಹರಿವಾಣವೆಂದರೆ ಅಷ್ಟು ಹೆಸರು. ಎಣ್ಣೆಯಲ್ಲಿ ಕೆಂಪಗೆ ಬೆಂದ ಅನ್ನ, ಅದರ ನಡುವೆ ತಲೆಸಮೇತ ಮಲಗಿದ ದೊಡ್ಡ ಚೋಫ್ ಮೀನು, ಸುತ್ತ ಎಲೆಕೋಸು, ಮರಗೆಣಸು, ಕ್ಯಾರೆಟ್, ಬದನೆ. ಬಂದವರು ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಸುತ್ತ ಕೂತು, ಬಿಸ್ಮಿಲ್ಲಾ ಎಂದು ಕೈ ಹಾಕುತ್ತಿದ್ದರು. ಬಿರಾಮ ನನ್ನ ಅಪ್ಪ. ಬಂದರಿನ ಗೋದಾಮಿನಲ್ಲಿ ಮೇಸ್ತ್ರಿ.

ಮನೆಯಲ್ಲಿ ಇಬ್ಬರು ಹೆಂಡಿರು. ಹಿರಿಯಳು ನನ್ನ ಅವ್ವ, ಯಾಸಿನ್. ಕಿರಿಯಳು ಚಿಕ್ಕವ್ವ, ಮಾರೆಮ್. ಎರಡು ದಿನ ಅವ್ವನ ಅಡುಗೆ, ಮುಂದಿನ ಎರಡು ದಿನ ಚಿಕ್ಕವ್ವನದು. ತಿಂಗಳ ಮೊದಲಿಗೆ ಅಪ್ಪ ಅಡುಗೆಯ ಹಣವನ್ನು ಸಮನಾಗಿ ಎರಡು ಪಾಲು ಮಾಡಿ ಒಬ್ಬೊಬ್ಬರ ಕೈಗೂ ಕೊಡುತ್ತಿದ್ದ. ಅಕ್ಕಿ, ಎಣ್ಣೆ, ಮೀನು, ಈರುಳ್ಳಿ, ಇದ್ದಿಲು ಎಲ್ಲವೂ ಅದರಲ್ಲೇ ಆಗಬೇಕು. ಕೊಟ್ಟ ಮೇಲೆ ಅದರ ಮಾತು ಎತ್ತುವಂತಿಲ್ಲ. ಸಾಲದು ಅಂದವಳು ಗಂಡನ ಗಂಡಸುತನಕ್ಕೇ ಕೈ ಹಾಕಿದ ಹಾಗೆ. ಬೆಲೆ ಎಷ್ಟೇ ಏರಲಿ, ಹರಿವಾಣ ತುಂಬಿರಬೇಕು. ಕಡಿಮೆ ಬಿದ್ದದ್ದನ್ನು ಹೆಂಡತಿ ತನ್ನಲ್ಲಿರುವುದರಿಂದ ಸೇರಿಸಬೇಕು, ಸೇರಿಸಿದ್ದನ್ನು ಬಾಯಿ ಬಿಡಬಾರದು. ಸವತಿಗಿಂತ ತನ್ನ ಸರದಿಯ ಅಡುಗೆ ಒಂದು ಕೈ ಮೇಲಾದರೆ ಕೇರಿಯಲ್ಲಿ ಹೆಸರು. ಇದನ್ನು ನಮ್ಮ ಹಿರಿಯರು ಮಾನ ಎಂದು ಕರೆಯುತ್ತಾರೆ. ನಾನೂ ಇದಕ್ಕೊಂದು ಹೆಸರಿಟ್ಟಿದ್ದೇನೆ, ಅದು ಬರೆಯುವಂಥದ್ದಲ್ಲ.

ಅಪ್ಪ ಆ ಹಣವನ್ನು ಗೊತ್ತುಮಾಡಿದ್ದು ಚಿಕ್ಕವ್ವ ಮದುವೆಯಾಗಿ ಬಂದ ವರ್ಷ. ಆಮೇಲೆ ಎಣ್ಣೆ ಏರಿತು, ಅಕ್ಕಿ ಏರಿತು. ಡಬ್ಬದಲ್ಲಿ ಎಣ್ಣೆ ತರುತ್ತಿದ್ದ ಹೆಂಗಸರು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹೊತ್ತಿನ ಎಣ್ಣೆ ಕಟ್ಟಿಸಿಕೊಂಡು ಬರತೊಡಗಿದರು. ಚೋಫ್ ಮೀನಂತೂ ದೋಣಿಯಿಂದ ಇಳಿಯುತ್ತಿದ್ದಂತೆ ಐಸಿನ ಪೆಟ್ಟಿಗೆ ಸೇರಿ ಪರದೇಶಕ್ಕೆ ಹೊರಡುತ್ತಿತ್ತು. ಉಳಿದ ಒಂದೆರಡಕ್ಕೆ ಬಂಗಾರದ ಬೆಲೆ. ಅಪ್ಪನ ಹಣ ಮಾತ್ರ ಇದ್ದಲ್ಲೇ ಇತ್ತು. ಅಪ್ಪನ ಹರಿವಾಣವೂ ಇದ್ದ ಹಾಗೆಯೇ ಇತ್ತು. ಇದು ಹೇಗಾಯಿತು ಎಂದು ಅವನು ಒಂದು ದಿನವೂ ಕೇಳಲಿಲ್ಲ.

ಅವ್ವನ ಸರದಿಯಲ್ಲಿ ಮೀನು ಸ್ವಲ್ಪ ಸಣ್ಣದಾದರೆ ಸಾಕು, ಅಪ್ಪ ಹುಬ್ಬೇರಿಸುತ್ತಿದ್ದ. "ಮಾರೆಮ್ ಇದೇ ದುಡ್ಡಲ್ಲಿ ಇದರ ಎರಡರಷ್ಟು ಮೀನು ತರ್ತಾಳೆ. ನಿನ್ ಕೈಯಲ್ಲೇನು ತೂತಿದ್ಯಾ?"

ಎರಡು ದಿನ ಕಳೆದರೆ ಅದೇ ಮಾತು ಚಿಕ್ಕವ್ವನಿಗೆ. "ಯಾಸಿನ್ನ ನೋಡಿ ಕಲಿ. ಅವಳು ಮಾಡಿದ್ರೆ ತರಕಾರಿ ಹರಿವಾಣದ ಅಂಚಿನವರೆಗೆ ಬರುತ್ತೆ."

ಅಪ್ಪನ ಅಕ್ಕ, ನನ್ನ ಸೋದರತ್ತೆ ಬಿಗೆ, ಪಕ್ಕದ ಓಣಿಯಿಂದ ದಿನವೂ ಊಟದ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತಿದ್ದಳು. "ನನ್ ತಮ್ಮನ ದುಡ್ಡು ಬರಕತ್ತಿನ ದುಡ್ಡು ಕಣ್ರೇ! ಇಬ್ಬರೂ ಉಳಿಸಿ ಎಲ್ಲಿ ಬಚ್ಚಿಟ್ಟಿದೀರಾ, ಅದನ್ನ ಹೇಳಿ ಮೊದ್ಲು," ಎಂದು ಅವಳೇ ನಗುತ್ತಿದ್ದಳು. ನಗುತ್ತಲೇ ಮೀನಿನ ಕೆನ್ನೆಯ ಮಾಂಸ ಕಿತ್ತುಕೊಳ್ಳುತ್ತಿದ್ದಳು.

ಅಡುಗೆ ಮಾಡಿದವಳು ಹರಿವಾಣದ ಅಂಚಿನಲ್ಲಿ ಕೂತು ಮೀನು ಮುರಿದು ಒಬ್ಬೊಬ್ಬರ ಮುಂದೆ ತಳ್ಳುವುದು ನಮ್ಮಲ್ಲಿ ವಾಡಿಕೆ. ಚಿಕ್ಕವ್ವನ ಕೈ ಈಗಲೂ ನನ್ನ ಕಣ್ಣ ಮುಂದಿದೆ. ಒಂದು ತುಂಡು ಅಪ್ಪನಿಗೆ, ಒಂದು ಅತ್ತೆಗೆ, ಒಂದು ಅತಿಥಿಗೆ, ಮತ್ತೆ ಅತ್ತೆಗೆ. ಬೆರಳ ತುದಿಯಿಂದ ಮೆಲ್ಲಗೆ ತಳ್ಳುತ್ತಲೇ ಇರುತ್ತಿದ್ದಳು. ಅವಳ ಮುಂದೆ ಬರಿ ಅನ್ನ. ಎಲ್ಲರೂ ಎದ್ದ ಮೇಲೆ ಪಾತ್ರೆಯ ತಳದ ಸೀದ ಅನ್ನವನ್ನು ಕೆರೆದು ತಿನ್ನುತ್ತಿದ್ದಳು. "ನಂಗೆ ಸೀಕಲು ಅಂದ್ರೆ ಇಷ್ಟ ಕಣೋ ಲಾಯೆ," ಎನ್ನುತ್ತಿದ್ದಳು ನನಗೆ. ಅವಳ ತೊಡೆಯ ಮೇಲೆ ಅವಳ ಮಗಳು ರೋಖಿ, ನಾಲ್ಕು ವರ್ಷದ್ದು, ತನ್ನ ತಾಯಿಯ ಬೆರಳನ್ನೇ ನೋಡುತ್ತ ಕೂತಿರುತ್ತಿತ್ತು. ಚಿಕ್ಕವ್ವ ಆಗ ಮತ್ತೆ ಬಸುರಿ.

ಒಂದು ದಿನ ಅವ್ವ ತನ್ನ ಕೊನೆಯ ಬಳೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಪೇಟೆಗೆ ಹೊರಟಳು. ನಾನು ವೆಲ್ಡಿಂಗ್ ಅಂಗಡಿಗೆ ರಜೆ ಹಾಕಿ ಜೊತೆಗೆ ಹೋದೆ. ಬಟ್ಟೆ ಸಾಲಿನ ಹಿಂದೆ ಹಳೆಯ ಚಿನ್ನ ಕೊಳ್ಳುವ ಹೆಂಗಸೊಬ್ಬಳಿದ್ದಾಳೆ. ಅವಳು ಬಳೆಯನ್ನು ತಕ್ಕಡಿಗೆ ಹಾಕಲು ಗಾಜಿನ ಪೆಟ್ಟಿಗೆ ತೆರೆದಳು. ಒಳಗೆ ಅರ್ಧಚಂದ್ರದ ಒಂದು ಜೊತೆ ಓಲೆ. ಅವ್ವನ ಕೈ ನಿಂತುಹೋಯಿತು. ಮಾರೆಮ್ ಹೊಸಿಲು ದಾಟಿ ಬಂದ ದಿನ, ಹಿರಿಯ ಹೆಂಡತಿಯಾಗಿ ಅವ್ವನೇ ಅವಳ ಕಿವಿಗೆ ಹಾಕಿದ ಓಲೆ ಅದು.

"ಇದನ್ನ ಯಾರು ತಂದ್ರು?"

"ಹೆಸರು ಯಾರಿಗೆ ಗೊತ್ತು ತಾಯಿ? ಬಸುರಿ ಹೆಂಗಸು. ಮೈಯೆಲ್ಲಾ ಹೊಗೆ ವಾಸನೆ. ಮೀನು ಹೊಗೆ ಹಾಕೋ ಕಡೆ ಕೂಲಿ ಮಾಡ್ತಾಳೋ ಏನೋ."

ಅವ್ವ ಬಳೆ ಮಾರಲಿಲ್ಲ. ಹಿಂದಕ್ಕೆ ತೆಗೆದುಕೊಂಡು ನೇರ ಸಮುದ್ರದ ದಂಡೆಗೆ ನಡೆದಳು. ಮೀನಿಗೆ ಹೊಗೆ ಹಾಕುವ ಒಲೆಗಳ ಸಾಲಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಚಿಕ್ಕವ್ವ ಮೀನು ಮಗುಚುತ್ತಿದ್ದಳು. ತಮ್ಮನ ಹೆಂಡತಿಗೆ ಮೈ ಸರಿಯಿಲ್ಲ, ನೋಡಿಕೊಳ್ಳಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ ಬರುತ್ತಿದ್ದವಳು. ಅವ್ವನನ್ನು ಕಂಡು ಅವಳ ಕೈಯಲ್ಲಿದ್ದ ಇಕ್ಕಳ ಮರಳಿಗೆ ಬಿತ್ತು.

"ಅಕ್ಕಾ, ಅವರಿಗೆ ಹೇಳ್ಬೇಡಿ."

"ಏನಂತ ಹೇಳ್ಲಿ?" ಅವ್ವ ಸೆರಗು ಬಿಚ್ಚಿ ಬಳೆ ತೋರಿಸಿದಳು. "ನಾನೂ ಅಲ್ಲಿಗೇ ಹೋಗಿದ್ದೆ."

ಚಿಕ್ಕವ್ವ ಬಳೆ ನೋಡಿದಳು, ಅವ್ವನ ಮುಖ ನೋಡಿದಳು. "ಅಂದ್ರೆ ನಿಮಗೂ ಸಾಲ್ತಿರ್ಲಿಲ್ವಾ?"

"ರೋಖಿ ನಡೆಯೋಕೆ ಕಲಿತಾಗಿಂದ ಸಾಲ್ತಿಲ್ಲ."

"ನಾನು ನನಗೇ ಕೈ ಬರಲ್ಲ ಅಂದ್ಕೊಂಡಿದ್ದೆ ಅಕ್ಕಾ. ಅವರು ದಿನಾ ನಿಮ್ಮನ್ನೇ ತೋರಿಸ್ತಿದ್ರು."

"ನಂಗೆ ನಿನ್ನನ್ನ ತೋರಿಸ್ತಿದ್ರು ಕಣೆ."

ಇಬ್ಬರೂ ಆ ಹೊಗೆಯಲ್ಲಿ ನಿಂತು ಒಂದು ಸಲ ನಕ್ಕರು. ಆಮೇಲೆ ಚಿಕ್ಕವ್ವ ಅತ್ತಳು. ಒಂದೇ ಸುಳ್ಳನ್ನು ಇಬ್ಬರೂ ಒಬ್ಬರಿಗೊಬ್ಬರು ಬಡಿಸಿಕೊಂಡು ಬಂದಿದ್ದರು. ಇವಳು ಓಲೆ ಮಾರಿ ತಂದ ಮೀನನ್ನು ಮೀರಿಸಲು ಅವಳು ಸರ ಮಾರಿದಳು. ಹೊಟ್ಟೆ ತುಂಬಿದ್ದು ಮಾತ್ರ ಕೇರಿಗೆ.

"ನಾಳೆ ಇಬ್ಬರೂ ಸೇರಿ ಹೇಳೋಣ," ಎಂದಳು ಅವ್ವ. "ಅವರ ದುಡ್ಡಿಗೆ ಎಷ್ಟು ಬರುತ್ತೋ ಅಷ್ಟೇ ಬೇಯಿಸೋಣ. ಇಬ್ಬರೂ ಒಂದೇ ಥರ ಮಾಡಿದ್ರೆ ಯಾರನ್ನ ಯಾರಿಗೆ ತೋರಿಸ್ತಾರೆ?"

ಚಿಕ್ಕವ್ವ ತಲೆಯಾಡಿಸಿದಳು. "ನಿಮಗೆ ಲಾಯೆ ಇದಾನೆ ಅಕ್ಕಾ. ನಂಗಿರೋದು ಒಂದು ಹೆಣ್ಣುಮಗು. ಹರಿವಾಣ ಸಣ್ಣ ಆದ್ರೆ, ಕಿರಿಯಳು ಬಂದು ಮನೆ ಬಡವಾಯ್ತು ಅಂತಾರೆ ಬಿಗೆ ಅತ್ತಿಗೆ. ಮೂರನೆಯವಳನ್ನ ತರ್ತಾರೆ. ಮಗು ಹುಟ್ಲಿ, ನಾಮಕರಣ ಆಗ್ಲಿ, ಆಮೇಲೆ ನೀವು ಹೇಳಿದ ಹಾಗೇ ಆಗ್ಲಿ."

ಅವ್ವ ಒಪ್ಪಿದಳು. ಅಂದಿನಿಂದ ತನ್ನ ಸರದಿಯಲ್ಲಿ ಒಂದು ತುಂಡು ಮೀನನ್ನು ಮುಚ್ಚಿಟ್ಟು, ರೋಖಿಗೆ ಎಂದು ನೆಪ ಹೇಳಿ ಚಿಕ್ಕವ್ವನ ಕೋಣೆಗೆ ಕಳಿಸುತ್ತಿದ್ದಳು. ಆ ತುಂಡನ್ನು ಚಿಕ್ಕವ್ವ ನಿಜವಾಗಿ ರೋಖಿಗೇ ತಿನ್ನಿಸಿಬಿಡುತ್ತಿದ್ದಳು.

ನನಗೆ ಸುಮ್ಮನಿರಲು ಆಗಲಿಲ್ಲ. ಅಪ್ಪ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಾಗ ಹೋಗಿ ನಿಂತೆ. ಅತ್ತೆಯೂ ಇದ್ದಳು. ಚಿಕ್ಕವ್ವನ ಗುಟ್ಟು ಬಿಡದೆ ಕೇಳಿದೆ. "ಅಪ್ಪಾ, ಪೇಟೆಯಲ್ಲಿ ಎಣ್ಣೆ ಬೆಲೆ ಎಷ್ಟಿದೆ ಗೊತ್ತಾ?"

"ಹೆಂಗಸರ ಒಲೆ ಲೆಕ್ಕ ನಿಂಗ್ಯಾಕೋ?"

"ಗೋದಾಮಲ್ಲಿ ಕೂಲಿಯವರು ಹೋದ ವರ್ಷ ಕೂಲಿ ಜಾಸ್ತಿ ಕೇಳಿದ್ರಲ್ಲ, ಕೊಟ್ರಿ. ಯಾಕೆ ಕೊಟ್ರಿ?"

"ಎಲ್ಲಾ ತುಟ್ಟಿ ಆಯ್ತು, ಕೊಟ್ವಿ."

"ಹಂಗಾದ್ರೆ ಮನೆಗೆ ತುಟ್ಟಿ ಆಗಿಲ್ವಾ?"

ಅಪ್ಪ ಲೋಟ ಕೆಳಗಿಟ್ಟ. "ಸಾಲ್ದೇ ಹೋದ್ರೆ ಇಬ್ಬರಲ್ಲಿ ಒಬ್ಬಳಾದ್ರೂ ಬಾಯಿ ಬಿಡ್ತಿದ್ಲು. ಬಿಟ್ಟಿದಾರಾ? ಮೀನು ಬರ್ತಿದೆ, ಅನ್ನ ಬರ್ತಿದೆ. ಕಣ್ಣಿಗೆ ಕಾಣ್ತಿರೋದನ್ನ ನಂಬಲೋ, ನಿನ್ನ ಮಾತು ನಂಬಲೋ?"

"ಬಾಯಿ ಬಿಟ್ಟೋಳನ್ನ ನೀವು ಮನೇಲಿ ಇಟ್ಕೊಳ್ತೀರಾ?"

ಅತ್ತೆ ಚಪ್ಪಾಳೆ ತಟ್ಟಿ ನಕ್ಕಳು. "ಅಯ್ಯೋ ನಮ್ಮಪ್ಪಾ! ಮೂರು ಕ್ಲಾಸು ಓದಿ ಬಿಟ್ಟೋನು ಮಂತ್ರಿ ಥರ ಬೆಲೆ ಹೇಳ್ತಾನೆ ನೋಡು ತಮ್ಮಾ. ನಮ್ಮವ್ವ ಬಾಯಿ ಕಟ್ಟಿ ಸಂಸಾರ ಮಾಡಿದ್ಳು, ಹತ್ತು ಜನ ಉಂಡು ಹೋಗ್ತಿದ್ರು. ಈಗಿನವರಿಗೆ ಸೊಂಟ ನೋವು, ಬೆಲೆ ನೋವು!"

ಅವಳವ್ವ ಎಷ್ಟು ವಯಸ್ಸಿಗೆ ಸತ್ತಳು, ಯಾಕೆ ಸತ್ತಳು ಎಂದು ಕೇಳಬೇಕೆನಿಸಿತು. ಅವ್ವ ಒಳಗಿನಿಂದ ನನ್ನ ಹೆಸರು ಕೂಗಿದಳು. ಹೋದೆ.

ಚಿಕ್ಕವ್ವನಿಗೆ ದಿನ ತುಂಬುವ ಮೊದಲೇ ನೋವು ಬಂತು. ಅದೂ ಶುಕ್ರವಾರ, ಅವಳ ಸರದಿ. ಒಲೆಯ ಮೇಲೆ ಅನ್ನ ಇಟ್ಟಿದ್ದಳು. ಹೆರಿಗೆ ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಕರೆದೊಯ್ಯುವಾಗ ಅವ್ವನ ಕೈ ಹಿಡಿದು ಅವಳು ಆಡಿದ್ದು ಒಂದೇ ಮಾತು: "ಅಕ್ಕಾ, ಉರಿ ಸಣ್ಣ ಮಾಡಿಲ್ಲ, ತಳ ಹಿಡಿಯುತ್ತೆ."

ರಕ್ತ ನಿಲ್ಲಲಿಲ್ಲ. ದಾದಿ ಹೊರಗೆ ಬಂದು ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವರ ಮೈಯಲ್ಲಿ ರಕ್ತ ಅನ್ನೋದೇ ಇಲ್ವಲ್ರೀ. ಮನೇಲಿ ಊಟ ಇಲ್ವಾ?"

ಅಪ್ಪನ ಮುಖ ಕಪ್ಪಿಟ್ಟಿತು. "ನಮ್ಮನೇಲಿ ಊಟ ಇಲ್ವಾ ಅಂತ ಕೇಳ್ತೀಯಾ? ಊರೇ ನಮ್ಮನೇಲಿ ಉಣ್ಣುತ್ತೆ ಕಣಮ್ಮಾ!"

"ಊರು ಉಣ್ಣುತ್ತೆ, ಸರಿ. ಇವರು?"

ಸಂಜೆಯೊಳಗೆ ಚಿಕ್ಕವ್ವ ಹೋದಳು. ಮಗುವೂ ಉಳಿಯಲಿಲ್ಲ. ಗಂಡುಮಗು.

ಎಂಟನೆಯ ದಿನದ ಪ್ರಾರ್ಥನೆಗೆ ಅಪ್ಪ ಒಂದು ಎತ್ತು ತಂದ. ಹೌದು, ಇಡೀ ಎತ್ತು. ಅಕ್ಕಿಯ ಮೂಟೆಗಳು ಬಂದವು, ಎಣ್ಣೆ ಡಬ್ಬದಲ್ಲೇ ಬಂತು. ಬದುಕಿದ್ದಾಗ ಮೀನಿನ ಬಾಲ ದಕ್ಕದವಳ ಹೆಸರಿನಲ್ಲಿ ಕೇರಿ ತೇಗಿತು. ಮಾರೆಮ್ ಎಷ್ಟು ಒಳ್ಳೆಯ ಕೈಯವಳು, ಅವಳ ಕೈಯಡುಗೆ ಮರೆಯುವಂತಿಲ್ಲ ಎಂದು ಬಾಯಿ ಒರೆಸಿಕೊಂಡು ಹೊಗಳಿದರು. ನಾನು ಆ ದಿನ ಒಂದು ತುತ್ತೂ ಮುಟ್ಟಲಿಲ್ಲ. ಹಣ ಇರಲಿಲ್ಲವೆಂದಲ್ಲ. ಹಣ ಇತ್ತು. ಸತ್ತ ಹೆಂಗಸಿಗೆ ಖರ್ಚು ಮಾಡಿದರೆ ಮಾನ, ಬದುಕಿದ ಹೆಂಗಸಿಗೆ ಮಾಡಿದರೆ ಸೋಲು. ಈ ಮಾತು ಓದುತ್ತಿರುವವರು ತಮ್ಮ ಮನೆಯ ಹೆಂಗಸರ ಮುಂದೆ ಏನು ಉಳಿದಿರುತ್ತದೆಂದು ಒಂದು ಸಲ ಬಗ್ಗಿ ನೋಡಲಿ. ಅಷ್ಟು ಸಾಕು ನನಗೆ.

ನಲವತ್ತು ದಿನ ಕಳೆಯಲಿಲ್ಲ, ಅತ್ತೆ ಶುರು ಮಾಡಿದಳು. "ಮನೇಲಿ ಒಂದೇ ಕೈ ಸಾಲಲ್ಲ ತಮ್ಮಾ. ಹುಡುಗಿ ನೋಡಿದೀನಿ. ಚಿಕ್ಕ ವಯಸ್ಸು, ಅಡುಗೆ ಅಂದ್ರೆ ಅಡುಗೆ."

ತಿಂಗಳ ಮೊದಲಿಗೆ ಅಪ್ಪ ಎರಡೂ ಪಾಲಿನ ಹಣವನ್ನು ಒಟ್ಟಿಗೆ ಅವ್ವನ ಕೈಗಿಟ್ಟ. ಅದೇ ಹಳೆಯ ಹಣ. ಅವ್ವ ಅದನ್ನು ಸೆರಗಿಗೆ ಕಟ್ಟಿಕೊಂಡಳು.

ಶುಕ್ರವಾರ ಬಂತು. ನಮಾಜು ಮುಗಿಸಿ ಗಂಡಸರು ಬಂದರು. ಅಪ್ಪನ ಹಳೆಯ ಗೆಳೆಯ, ದೋಣಿ ಮಾಡುವ ಮುದುಕ ಸೆರೀಞ್ ಕೂಡ ಬಂದಿದ್ದ. ಅತ್ತೆ ಮೊದಲೇ ಚಾಪೆಯ ಮೇಲಿದ್ದಳು. ಅವ್ವ ಒಂದೇ ಹರಿವಾಣ ತಂದು ನಡುವೆ ಇಟ್ಟು ಮುಚ್ಚಳ ತೆಗೆದಳು.

ಅಂಚಿನವರೆಗೆ ಬಾರದ ಬಿಳಿಯ ಅನ್ನ. ಮೇಲೆ ತೆಳು ಸಾರು, ಒಂದು ಕ್ಯಾರೆಟ್ಟಿನ ಚೂರುಗಳು, ಬಡವರು ತಿನ್ನುವ ಸಣ್ಣ ಮೀನು ಕೆಲವು.

"ದೊಡ್ಡ ಹರಿವಾಣ ಎಲ್ಲಿ?" ಎಂದ ಅಪ್ಪ.

"ಇದೇ. ಎಲ್ಲರೂ ಒಂದೇ ಕಡೆ ಕೂತ್ಕೊಳ್ಳಿ. ಲಾಯೆ, ಬಾ. ರೋಖಿನ ಕರ್ಕೊಂಡು ಬಾ."

"ಏನೇ ಇದು, ಯಾಸಿನ್? ಜನರ ಮುಂದೆ..."

"ನಿಮ್ಮ ದುಡ್ಡಿಗೆ ಬರೋದು ಇದು ರೀ. ಇಷ್ಟೇ. ಇದಕ್ಕಿಂತ ಹೆಚ್ಚಿಗೆ ನೀವು ಉಂಡಿದ್ದು ನನ್ನ ಬಳೆ, ನನ್ನ ಸರ, ಮಾರೆಮ್‌ನ ಓಲೆ. ಅದು ಮುಗಿದ ಮೇಲೆ ಅವಳ ರಕ್ತ. ಬಸುರಿ ಹೆಂಗಸು ಮೀನು ಒಲೆ ಮುಂದೆ ಕೂಲಿ ಮಾಡಿ ನಿಮಗೆ ಚೋಫ್ ತಂದು ಹಾಕ್ತಿದ್ಲು. ನೀವೆಲ್ಲಾ ಚೆನ್ನಾಗಿದೆ ಅಂತಿದ್ರಿ."

ಅತ್ತೆ ಎದ್ದು ನಿಂತಳು. "ನೋಡಿದ್ಯಾ ತಮ್ಮಾ, ಸತ್ತವಳ ಹೆಸರು ಹೇಳಿ ಮಾನ ಕಳೀತಾಳೆ! ಹೊಸಬಳು ಬರ್ಲಿ, ಆಗ ಗೊತ್ತಾಗುತ್ತೆ ನಿಂಗೆ!"

"ಬರ್ಲಿ ಅತ್ತಿಗೆ. ಅವಳಿಗೂ ಇಷ್ಟೇ ಬೇಯಿಸೋಕೆ ಹೇಳಿಕೊಡ್ತೀನಿ. ಇನ್ನು ಈ ಮನೇಲಿ ಯಾರ ಸರದಿನೂ ಯಾರ ಒಡವೆಯಿಂದ, ಯಾರ ರಕ್ತದಿಂದ ನಡೆಯಲ್ಲ."

ಅತ್ತೆ ಸೆರಗು ಝಾಡಿಸಿ ಹೋದಳು. ಉಳಿದವರು ಎಲ್ಲಿ ನೋಡುವುದೆಂದು ತಿಳಿಯದೆ ಕೂತಿದ್ದರು. ಅಪ್ಪ ಹರಿವಾಣವನ್ನೇ ನೋಡುತ್ತ, ಯಾರಿಗೂ ಅಲ್ಲ ಎಂಬಂತೆ ಕೇಳಿದ. "ಎಣ್ಣೆ ಯಾವಾಗಿಂದ ಇಷ್ಟು ತುಟ್ಟಿ ಆಯ್ತು?"

"ನೀವು ಕೇಳದೇ ಇದ್ದಾಗಿಂದ," ಎಂದಳು ಅವ್ವ.

ಅವಳು ಅಂಚಿನಲ್ಲಿ ಕೂತು ಮೀನು ಮುರಿದಳು. ಮೊದಲ ತುಂಡನ್ನು ರೋಖಿಯ ಮುಂದೆ ತಳ್ಳಿದಳು. ಒಂದನ್ನು ತನ್ನ ಮುಂದೆ ಇಟ್ಟುಕೊಂಡಳು.

ಆಗ ರೋಖಿ ತನ್ನ ಮುಂದಿದ್ದ ತುಂಡನ್ನು ನೋಡಿದಳು. ಮುದುಕ ಸೆರೀಞ್‌ನ ಮುಂದೆ ಬರಿ ಅನ್ನ ಇದ್ದದ್ದನ್ನು ನೋಡಿದಳು. ಪುಟ್ಟ ಬೆರಳಿನ ತುದಿಯಿಂದ, ಅವಳವ್ವ ತಳ್ಳುತ್ತಿದ್ದ ಹಾಗೆಯೇ ಮೆಲ್ಲಗೆ, ಆ ತುಂಡನ್ನು ಅವನ ಕಡೆ ತಳ್ಳಿದಳು.

ಮುದುಕನ ಕೈ ಹರಿವಾಣದ ಮೇಲೆಯೇ ನಿಂತಿತು. ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವ್ವ ರೋಖಿಯ ಮಣಿಕಟ್ಟು ಹಿಡಿದು, ತುಂಡನ್ನು ಹಿಂದಕ್ಕೆ ತಂದಳು.

"ಬೇಡ ಕಂದಾ. ಇದು ನಿಂದು. ನೀನೇ ತಿನ್ನು."

ರೋಖಿ ತಿನ್ನುವವರೆಗೆ ಅವ್ವ ಆ ಕೈ ಬಿಡಲಿಲ್ಲ.