ಎರಡನೆಯ ಸಾಕ್ಷಿ

ಪುಟ್ಟಲಕ್ಷ್ಮಿ ಯಾವ ಮಾತನ್ನೂ ಒಬ್ಬರ ಬಾಯಿಂದ ಕೇಳಿ ನಂಬಿದವಳಲ್ಲ. ಹುಣಸೂರಿನ ಬಸ್ ನಿಲ್ದಾಣದಲ್ಲಿ ಕಂಡಕ್ಟರನೇ "ಮೈಸೂರು, ಮೈಸೂರು" ಎಂದು ಕೂಗುತ್ತಿದ್ದರೂ, ಎಡಗೈಯಲ್ಲಿ ಊಟದ ಡಬ್ಬಿ ಹಿಡಿದು, ಮುಂದಕ್ಕೆ ಬಾಗಿದ ಆ ಬಿರುಸು ನಡಿಗೆಯಲ್ಲಿ ಕಿಟಕಿಯ ಬಳಿಗೆ ಬಂದು, ಒಳಗೆ ಕುಳಿತವರನ್ನು ಕೇಳುವಳು: "ಇದು ಮೈಸೂರಿಗೇ ಅಲ್ವೇನ್ರೀ?"

"ಬೋರ್ಡು ಓದಕ್ ಬರಲ್ವೇನವ್ವಾ? ಇಂಜಿನಿಯರಂತೆ!" ಎಂದು ಕಂಡಕ್ಟರ್ ಛೇಡಿಸಿದರೆ, "ಬೋರ್ಡು ಒಂದ್ ಸಾಕ್ಷಿ ಕಣಣ್ಣ, ಇನ್ನೊಂದು ಬ್ಯಾಡ್ವಾ?" ಎನ್ನುವಳು.

ಈ ಹಠ ಎಲ್ಲಿಂದ ಬಂತೆಂಬುದನ್ನು, ಏಳನೆಯ ತರಗತಿಯಲ್ಲಿ ಅವಳಿಗೆ ಗಣಿತ ಹೇಳಿಕೊಟ್ಟ ನಾನು ಬಲ್ಲೆ. ಆ ವರ್ಷ ಒಂದು ಮಧ್ಯಾಹ್ನ ಅವಳ ತಂದೆ ಮುದ್ದಯ್ಯ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಒಲೆಗೆ ಸೌದೆ ಒಟ್ಟುತ್ತಿದ್ದರೆ, ಮಗಳು ಗಾಜಿನ ಕಿಂಡಿಯಿಂದ ಒಳಗಿನ ಉಷ್ಣಮಾಪಕ ನೋಡಿ ಕೂಗುತ್ತಿದ್ದಳು: "ನೂರ ನಲವತ್ತರಲ್ಲೇ ಐತೆ ಅಪ್ಪೋ!" ಪಾದರಸ ಅಲ್ಲಿಯೇ ಸಿಕ್ಕಿಕೊಂಡಿತ್ತು, ಕಾವು ಏರುತ್ತಲೇ ಇತ್ತು. ಎಲೆಗೆ ಬೆಂಕಿ ಹತ್ತಿದಾಗ ಸೊಪ್ಪು ಉಳಿಸಲು ಒಳಹೊಕ್ಕ ಮುದ್ದಯ್ಯ ಹೊರಗೆ ಬರಲಿಲ್ಲ.

ಅವಳು ಬೆಳೆದು, ಮೈಸೂರಿನ ಸಣ್ಣ ಸಂಸ್ಥೆಯೊಂದರಲ್ಲಿ, ಉಪಗ್ರಹವು ಆಕಾಶದಲ್ಲಿ ದಿಕ್ಕು ತಪ್ಪದಂತೆ ಕಾಯುವ ಕೆಲಸಕ್ಕೆ ಸೇರಿದಳು. ಕಾಲೂರಲು ನೆಲವಿಲ್ಲದ ಆ ಬಯಲಿನಲ್ಲಿ ಉಪಗ್ರಹವು ತನ್ನೊಳಗಿನ ಚಕ್ರಗಳನ್ನು ಒಂದು ಕಡೆಗೆ ತಿರುಗಿಸಿ, ತಾನು ಇನ್ನೊಂದು ಕಡೆಗೆ ಹೊರಳುತ್ತದೆ. ಚಕ್ರ ನಾಲ್ಕು, ಮೂರಿದ್ದರೂ ಸಾಕು. ಯಾವುದು ಕೆಟ್ಟಿತೆಂದು ತಾನೇ ಅರಿತು, ಅದನ್ನು ಕೈಬಿಟ್ಟು, ಉಳಿದವುಗಳ ಮೇಲೆ ಹೊರೆ ಹಂಚುವ ಪ್ರೋಗ್ರಾಮು ಬರೆದವಳು ಪುಟ್ಟಲಕ್ಷ್ಮಿ. ಚಕ್ರದ ವೇಗ ಅಳೆಯುವ ಮಾಪಕ, ಉಪಗ್ರಹದ ಹೊರಳಾಟ ಅಳೆಯುವ ಮಾಪಕ, ಎರಡೂ ದೂರು ಹೇಳಿದರೆ ಮಾತ್ರ ಚಕ್ರವನ್ನು ಬಿಡಬೇಕೆಂಬ ನಿಯಮಕ್ಕಾಗಿ ಅವಳು ಆರು ತಿಂಗಳು ಜಗಳವಾಡಿದ್ದಳು.

ಉಪಗ್ರಹ ಹಾರಿದ ಎರಡನೆಯ ತಿಂಗಳಲ್ಲಿ ಒಂದು ಚಕ್ರ ನಿಜವಾಗಿಯೇ ಕೆಟ್ಟಿತು. ಪ್ರೋಗ್ರಾಮು ಅದನ್ನು ಕೈಬಿಟ್ಟಿತು, ಉಪಗ್ರಹ ಅಲುಗದೆ ಮೂರರ ಮೇಲೆ ನಿಂತಿತು. ಅಂದು ಅವಳು ನಮ್ಮ ಮನೆಗೆ ಒಂದು ಚಿಪ್ಪು ಬಾಳೆಹಣ್ಣು ತಂದಿದ್ದಳು. ನಾಲ್ಕು ತಿಂಗಳ ಬಳಿಕ ಮತ್ತೊಂದು ಚಕ್ರ ಕೆಟ್ಟಿದೆಯೆಂದು ಎರಡು ಮಾಪಕಗಳೂ ಒಟ್ಟಿಗೆ ಹೇಳಿದವು. ಪ್ರೋಗ್ರಾಮು ಅದನ್ನೂ ಕೈಬಿಟ್ಟಿತು. ಉಳಿದೆರಡರ ಹಿಡಿತ ಸಾಲದೆ ಉಪಗ್ರಹ ಸೂರ್ಯನಿಗೆ ಬೆನ್ನು ಮಾಡಿ ಉರುಳಿತು. ನೆಲದಿಂದ ಕಳಿಸಿದ ಆಜ್ಞೆ ತಲುಪುವ ಮುನ್ನವೇ ಬ್ಯಾಟರಿ ಬರಿದಾಗಿ ಅದರ ದನಿ ಅಡಗಿತು. ಆಮೇಲೆ ತಿಳಿಯಿತು, ಕೈಬಿಟ್ಟ ಆ ಎರಡನೆಯ ಚಕ್ರ ಚೆನ್ನಾಗಿಯೇ ಇತ್ತು. ಎರಡು ಮಾಪಕಗಳಿಗೂ ವಿದ್ಯುತ್ತು ಬರುತ್ತಿದ್ದುದು ಒಂದೇ ತಂತಿಯಲ್ಲಿ. ತಂತಿ ಸೊರಗಿದಾಗ ಎರಡೂ ಒಂದೇ ಸುಳ್ಳು ನುಡಿದಿದ್ದವು.

ವಿಚಾರಣೆಗೆ ಮುನ್ನ ಮೇಲಧಿಕಾರಿ ದೇವರಾಜು, "ಮಾಪಕ ಮಾಡ್ಕೊಟ್ಟೋರ ಮೇಲೆ ಹಾಕ್ಬುಡಮ್ಮ, ನಿನ್ ಕೆಲ್ಸ ಉಳೀತದೆ" ಎಂದರಂತೆ.

"ತಂತಿ ಎಲ್ಲಿಂದ ಬತ್ತದೆ ಅಂತ ಕೇಳ್ಬೇಕಾಗಿದ್ದೋಳು ನಾನು ಸಾರ್. ಕೇಳ್ಲಿಲ್ಲ."

ಕೆಲಸ ಹೋಯಿತು. ಈಗ ಅವಳು ಪಿರಿಯಾಪಟ್ಟಣದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಮೊನ್ನೆ ನಿಲ್ದಾಣದಲ್ಲಿ ನೋಡಿದೆ. ಬಸ್ಸು ಬರುವುದೇ ಎಂದು ಒಬ್ಬನನ್ನು ಕೇಳಿದಳು, ಪಕ್ಕದ ಮುದುಕನನ್ನೂ ಕೇಳಿದಳು, ಆಮೇಲೆ, ಹಿಂದೆಂದೂ ಕೇಳದಿದ್ದ ಮೂರನೆಯ ಮಾತು: "ನಿಮ್ಗ್ಯಾರು ಹೇಳಿದ್ರು ತಾತ?"

ಮುದುಕ ಮೊದಲನೆಯವನತ್ತ ಕೈ ತೋರಿದ. "ಇವ್ನೇ ಕಣವ್ವ."

ಅವಳು ನಗಲಿಲ್ಲ.

ಒಂದು ಮುರಿದರೂ ಇನ್ನೊಂದು ನಿಲ್ಲಲೆಂದು ಬಾಳೆಲ್ಲ ಏರ್ಪಾಡು ಮಾಡುವ ಜನರಿರುತ್ತಾರೆ. ಎಳವೆಯಲ್ಲಿ ಸುಟ್ಟುಕೊಂಡವರೇ ಹೆಚ್ಚಾಗಿ ಹೀಗಾಗುವುದು. ಸುಟ್ಟ ಕಡೆಯನ್ನು ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ. ಕೇಡು ಮಾತ್ರ ಅವರು ವಿಚಾರಿಸಲು ಮರೆತ ದಿಕ್ಕಿನಿಂದ ಬರುತ್ತದೆ. ಆಗ ಅವರು ತಮ್ಮ ವಿರುದ್ಧ ತಾವೇ ಎದ್ದು ನಿಂತು ನುಡಿಯುತ್ತಾರೆ. ಆ ಒಂದು ಮಾತಿಗೆ ಮಾತ್ರ ಅವರು ಎರಡನೆಯ ಸಾಕ್ಷಿಯನ್ನು ಹುಡುಕುವುದಿಲ್ಲ.