ರಸ್ತೆಗೆ ಹೋಗದ ಹಾಡು

ಆನ್ಸೆಲ್ಮ್‌ನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಕಸದ ಲಾರಿ ಎಂದಿನ ಹೊತ್ತಿಗೇ ಬಂತು. ಸಾವಿನ ಮನೆಯ ಜಾಗರಣೆಯ ರಾತ್ರಿಗಳ ರಮ್ ಬಾಟಲಿ, ಬಿಸ್ಕತ್ತಿನ ಡಬ್ಬಗಳನ್ನು ಚೀಲಕ್ಕೆ ತುಂಬಿ ಗೇಟಿಗೆ ಒಯ್ದೆ. ಲಾರಿಯ ಹಿಂದೆ ಪ್ರಿನ್ಸಸ್ ಟೌನಿಗೆ ಹೋಗುವ ವ್ಯಾನು ನಿಂತಿತ್ತು. ಅದರೊಳಗೆ ಆನ್ಸೆಲ್ಮ್‌ನ ಹಾಡು. ಹೋದ ವರ್ಷ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ಬಾಣಲೆಯ ಮೇಲೆ ಚಮಚದಿಂದ ತಾಳ ಹಾಕುತ್ತ ಅವನು ಕಟ್ಟಿದ್ದು. ಹಾಡು ಮುಗಿದಾಗ ರೇಡಿಯೊದವನು ಹೇಳಿದ: "ಕೆರ್ಲಾನ್, ಮತ್ತೆ ನಮ್ಮ ಕೆರ್ಲಾನ್. ಇವನ ತಲೇಲಿ ಏನೇನಿದೆಯೋ ದೇವರಿಗೇ ಗೊತ್ತು."

ಅವನ ತಲೆಯಲ್ಲಿ ಏನೂ ಇಲ್ಲ. ಇದ್ದದ್ದೆಲ್ಲ ನನ್ನ ಗಂಡನ ತಲೆಯಲ್ಲಿತ್ತು. ಅದು ಈಗ ಮಣ್ಣಿನಲ್ಲಿದೆ.

ಆನ್ಸೆಲ್ಮ್ ಬರೆಯುತ್ತಿದ್ದ, ಕೆರ್ಲಾನ್ ಹಾಡುತ್ತಿದ್ದ. ಕಾರ್ನಿವಲ್ ದಿನ ರಸ್ತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಮೊಳಗಿದ ಸೋಕಾ ಎಂಬ ಕುಣಿತದ ಹಾಡಿಗೆ ಆ ವರ್ಷದ ಕಿರೀಟ. ಕೆರ್ಲಾನ್‌ಗೆ ಅದು ಎರಡು ಸಲ ಬಂದಿದೆ. ಎರಡು ಸಲವೂ ವೇದಿಕೆಯಲ್ಲಿ ನಿಂತು ತಾಯಿಗೆ, ದೇವರಿಗೆ, ಟ್ರಿನಿಡಾಡಿನ ಎಲ್ಲ ಹೆಣ್ಣುಮಕ್ಕಳಿಗೆ ವಂದನೆ ಹೇಳಿದ. ಆನ್ಸೆಲ್ಮ್ ಟೀವಿ ಆರಿಸಿ ಹಿತ್ತಲಿಗೆ ಹೋಗಿ ಬೈಯುತ್ತಿದ್ದ. ಕಳ್ಳ, ಬೇರೆಯವರ ಎಂಜಲಲ್ಲಿ ಹೊಟ್ಟೆ ಹೊರೆಯುವವನು. "ಒಂದು ಸಲ ನನ್ನ ಹೆಸರು ಹೇಳಲಿ ಜೊಸೆಟ್. ಒಂದೇ ಸಲ." ಸತ್ತದ್ದೂ ಕೆರ್ಲಾನ್‌ನ ಕೆಲಸಕ್ಕೆ ಹೋಗಿಯೇ. ಯಾವುದೋ ಸಾಲು ಬದಲಾಗಬೇಕೆಂದು ಕೆರ್ಲಾನ್ ಪೋರ್ಟ್ ಆಫ್ ಸ್ಪೇನ್‌ಗೆ ಕರೆಸಿಕೊಂಡಿದ್ದ. ವಾಪಸು ಕಾರು ಓಡಿಸಿಕೊಂಡು ಬರುವಾಗ ಹೆದ್ದಾರಿಯಲ್ಲಿ ನಿದ್ದೆ ಹತ್ತಿರಬೇಕು.

ಕಾಫಿ ಕಾಯಿಸುತ್ತಿದ್ದಾಗ ಕೆರ್ಲಾನ್ ಬಂದ. ಕಪ್ಪು ಕನ್ನಡಕ, ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ.

"ಅಮ್ಮ ಪೆಲಾವ್ ಕಳಿಸಿದಾಳೆ. ಬಿಸಿ ಇದೆ, ತಿನ್ನು."

"ಇಡು."

"ಕೂತ್ಕೋ ಅನ್ನಲ್ವಾ ತಂಗಿ?"

"ಕುರ್ಚಿಗಳೆಲ್ಲ ಚರ್ಚಿಗೆ ವಾಪಸು ಹೋದ್ವು."

ಅವನು ಬಾಗಿಲಿಗೆ ಒರಗಿದ. ಪೀಠಿಕೆ ಹಾಕಲಿಲ್ಲ. "ಆನ್ಸೆಲ್ಮ್ ಫೋನಲ್ಲಿ ಒಂದು ಹಾಡಿದೆ. ಈ ಸಲದ ರಸ್ತೆಗೆ ಇದೇ ಅಂತಿದ್ದ. ಕೇಳಿಸು ಅಂದ್ರೆ ಕಾಯಿ ಅಂದ. ಇನ್ನೆಷ್ಟು ಕಾಯ್ಲಿ? ಜನವರಿ ಬಂತು."

"ಹಿಂದಿನ ಹಾಡೆಲ್ಲ ನಿನ್ನ ಹೆಸರಲ್ಲಿದೆ."

"ಒಟ್ಟಿಗೆ ಮಾಡಿದ್ದಲ್ವಾ."

"ನೀನೇನು ಮಾಡಿದೆ?"

"ಹಾಡಿದೆ."

"ಮಧ್ಯೆ ಮಧ್ಯೆ 'ಕೈ ಎತ್ತಿ' ಅಂದೆ."

ಅವನು ನಕ್ಕ. "ಜನ ಬರೋದೇ ಅದಕ್ಕೆ. ಬರೆದೋನು ಯಾರು ಅಂತ ವಿಚಾರಿಸಿ ಯಾರಾದ್ರೂ ಸೊಂಟ ಕುಣಿಸ್ತಾರಾ? ವಿಡಿಯೊದಲ್ಲಿ ಅವನ ಫೋಟೊ ಹಾಕ್ತೀನಿ. ಮೋಡ, ರೆಕ್ಕೆ, ಎಲ್ಲಾ ಇಟ್ಟು."

"ಅವನು ಕೋಳಿಯಲ್ಲ. ರೆಕ್ಕೆ ಬೇಡ. ಬರೆದೋನು ಆನ್ಸೆಲ್ಮ್ ಜೋಫೀಲ್ಡ್, ಅವನೊಬ್ಬನೇ. ಹಾಡೋ ಮೊದಲು ಪ್ರತಿ ಸಲ ಅದು ನಿನ್ನ ಬಾಯಿಂದ ಬರಬೇಕು."

ಬಹಳ ಹೊತ್ತು ಜಗ್ಗಾಡಿದ. ಪದ್ಧತಿ ಇಲ್ಲ ಎಂದ. ಹೊಸ ಹುಡುಗರೆಲ್ಲ ಕೇಳತೊಡಗುತ್ತಾರೆ ಎಂದ. ನಾನು ಕಾಫಿ ಕುಡಿಯುತ್ತಿದ್ದೆ. ಕೊನೆಗೆ ಕನ್ನಡಕ ತೆಗೆದ. ಅವನ ಕಣ್ಣುಗಳು ಕೆಂಪಾಗಿದ್ದವು. ನನಗೆ ಏನೂ ಅನ್ನಿಸಲಿಲ್ಲ.

"ಆಯ್ತು. ಸತ್ತೋರ ಜೊತೆ ಚೌಕಾಸಿ ಮಾಡೋಕಾಗಲ್ಲ. ಯಾವಾಗ ಕೊಡ್ತೀಯ?"

"ಸಂಜೆ."

ಅವನು ಹೋದ ಮೇಲೆ ಆನ್ಸೆಲ್ಮ್‌ನ ಫೋನಿನಲ್ಲಿ ಹಾಡು ಹಾಕಿಕೊಂಡೆ. ಬರೀ ಪಲ್ಲವಿ, ಮೇಜಿನ ಮೇಲೆ ಬೆರಳಿನ ತಾಳ. ಮೂರನೆಯ ಸಾಲಿನಲ್ಲಿ ದನಿ ಒಮ್ಮೆ ಮೇಲಕ್ಕೆ ಹಾರಿ, ಹಿಂದಿರುಗಿ ನೋಡಿದಂತೆ ಇಳಿಯುತ್ತದೆ. ಹಾಡು ಚೆನ್ನಾಗಿತ್ತು. ಗೆಲ್ಲುವ ಹಾಡು. ಆನ್ಸೆಲ್ಮ್ ಕೇಳಿದ್ದನ್ನು ನಾನು ಕೊಡಿಸಿದ್ದೆ.

ಹೀಗೆ ಗೆದ್ದ ಹುರುಪಿನಲ್ಲೇ, ಊರವರೆಲ್ಲ ತಾಂಟಿ, ಅಂದರೆ ಅತ್ತೆ, ಎಂದು ಕರೆಯುವ ಮುದುಕಿ ಮೆಲ್ವಿನಾಳ ಮನೆಗೆ ಹೊರಟೆ. ಜಗಳ ಮಾಡುವುದಿತ್ತು.

ಆನ್ಸೆಲ್ಮ್‌ನ ತಾತ ದೊಣ್ಣೆವರಸೆಯ ಕಣಕ್ಕೆ ಇಳಿಯುತ್ತಿದ್ದವನು. ಅಂಥ ಮನೆಯ ಗಂಡಸು ಸತ್ತರೆ ಜಾಗರಣೆಯಲ್ಲಿ ಕಣದ ಹಾಡು ಎತ್ತಿಕೊಡಬೇಕು. ಈ ಊರಿನಲ್ಲಿ ಅದನ್ನು ಎತ್ತುವವಳು ತಾಂಟಿ ಮೆಲ್ವಿನಾ. ಅವಳ ತಂದೆ ಆ ಹಾಡನ್ನು ಹೇಳಿಸಿಕೊಂಡೇ ಕಾಳಗಕ್ಕೆ ಇಳಿಯುತ್ತಿದ್ದನಂತೆ. ನಾನು ದೂರದ ಅರಿಮಾ ಊರಿನ ಕಡೆಯವಳು. ಆ ಹಾಡಿನ ಸುದ್ದಿ ಕೇಳಿದ್ದೆ, ಹಾಡು ಕೇಳಿರಲಿಲ್ಲ. ಜಾಗರಣೆಯ ರಾತ್ರಿ ಡೋಲಿನವರು ಡೋಲುಗಳನ್ನು ತೊಡೆಗಳ ನಡುವೆ ಇಟ್ಟುಕೊಂಡು ಅವಳನ್ನೇ ನೋಡುತ್ತ ಕೂತಿದ್ದರು. ಅವಳು ನಮ್ಮ ಕಾಫಿ ಕುಡಿದಳು, ನಮ್ಮ ಬಿಸ್ಕತ್ತು ತಿಂದಳು, ಬಾಯಿ ಬಿಡದೆ ಎದ್ದು ಹೋದಳು. ನನ್ನ ಗಂಡ ಹಾಡಿಲ್ಲದೆ ಹೋದ.

ತಾಂಟಿ ಮೆಟ್ಟಿಲ ಮೇಲೆ ಕೂತು ಹಸಿ ತೊಗರಿಕಾಯಿ ಬಿಡಿಸುತ್ತಿದ್ದಳು.

"ಬಾ. ಈ ಕಡೆಯಿಂದ ನೀನೂ ಬಿಡಿಸು. ಕೈಗೆ ಕೆಲಸ ಇಲ್ದಿದ್ರೆ ಬಾಯಿ ಬೊಗಳುತ್ತೆ."

"ಬೊಗಳೋಕೇ ಬಂದಿದೀನಿ ತಾಂಟಿ. ಅವನಿಗೆ ಯಾಕೆ ಹಾಡ್ಲಿಲ್ಲ?"

"ಯಾವುದನ್ನ ಹಾಡ್ಲಿ?"

"ನಿಮ್ಮ ಕಣದ ಹಾಡನ್ನ."

"ಅದು ನನ್ನ ಹತ್ರ ಎಲ್ಲಿದೆ? ನಿನ್ನ ಗಂಡ ಇಸ್ಕೊಂಡು ಹೋಗಿದಾನೆ."

ನಾನು ಮೆಟ್ಟಿಲ ಮೇಲೆ ಕೂತು ಒಂದಿಷ್ಟು ತೊಗರಿಕಾಯಿ ಮಡಿಲಿಗೆ ಹಾಕಿಕೊಂಡೆ.

"ಹಿಂಗೆ ಮೆಟ್ಟಿಲ ಮೇಲೆ ಕೂತು ಕಡ ಕೇಳ್ದ. ಹಾಡು ಅಂದ್ರೆ ಕಬ್ಬಿಣದ ಬಾಣಲೆ ಅನ್ಕೊಂಡ್ಯೇನೋ ಅಂದೆ. ಕಾರ್ನಿವಲ್ ಮುಗಿದ್ಮೇಲೆ ತಂದು ಕೊಡ್ತೀನಿ ತಾಂಟಿ ಅಂದ. ತಾತನ ಮುಖ ನೋಡಿ ಕೊಟ್ಟೆ. ಕೊಟ್ಮೇಲೆ ಮುಗೀತು. ವಾಪಸು ಬರೋತನಕ ನಾನು ಹಾಡೋ ಹಂಗಿಲ್ಲ."

ಇದು ಕಣದವರ ಪದ್ಧತಿ. ದೊಡ್ಡ ಕಾಳಗಕ್ಕೆ ಒಂದು ಊರಿನವರು ಇನ್ನೊಂದು ಊರಿನ ಹಾಡನ್ನು ಕಡ ಪಡೆಯುವುದಿದೆ. ಅದು ಹಿಂದಿರುಗುವವರೆಗೆ ಕೊಟ್ಟವರ ಬಾಯಿಗೆ ಬೀಗ. ಒಂದು ಹಾಡು ಒಂದೇ ಹೊತ್ತಿಗೆ ಎರಡು ಕಡೆ ಇದ್ದರೆ ಯಾರ ತಲೆಯನ್ನೂ ಕಾಯುವುದಿಲ್ಲ ಎಂದು ಅವರ ನಂಬಿಕೆ.

ಆನ್ಸೆಲ್ಮ್‌ನ ಫೋನು ತೆಗೆದು ಹಾಡು ಹಾಕಿದೆ. ತಾಂಟಿ ತಲೆ ಓರೆ ಮಾಡಿ ಕೇಳಿದಳು.

"ಅದೇ. ಆದ್ರೆ ಹಿಂಗ್ಯಾಕೆ ಓಡಿಸ್ತಿದಾನೆ? ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ರಾ?"

ಅಲ್ಲಿಯವರೆಗೆ ನನ್ನ ಸಿಟ್ಟಿಗೆ ಒಂದು ವಿಳಾಸವಿತ್ತು. ಈಗ ಅದು ಆನ್ಸೆಲ್ಮ್‌ನ ಕಡೆ ತಿರುಗಿ ನಿಂತಿತು. ಮದುವೆಯಾದಾಗಿನಿಂದ ಹಿತ್ತಲಿನ ಬೈಗುಳ ಕೇಳಿದ್ದೇನೆ. ಕಳ್ಳ ಎಂಬ ಮಾತನ್ನು ಅವನಷ್ಟು ನೋವಿನಿಂದ ಹೇಳಿದವರನ್ನು ನಾನು ಕಂಡಿಲ್ಲ. ಈ ಪಲ್ಲವಿಯನ್ನು ನನಗೆ ಕೇಳಿಸಿದ ದಿನ, "ಹೆಂಗಿದೆ ನನ್ನ ಹೊಸದು?" ಎಂದಿದ್ದ. ನನ್ನದು ಎಂದಿದ್ದ. ಅವನ ಮುಖಕ್ಕೇ ಕೇಳಬೇಕಿತ್ತು. ಮುಖದ ಮೇಲೆ ಮಣ್ಣು ಎಳೆದುಕೊಂಡು ಮಲಗಿದ್ದಾನೆ.

ಆದರೂ ಬಿಡಲಿಲ್ಲ. "ತಾಂಟಿ, ಇದು ಈ ಸಲ ರಸ್ತೆಗೆ ಬರುತ್ತೆ. ಅವನ ಹೆಸರು ಹೇಳ್ತೀನಿ ಅಂತ ಕೆರ್ಲಾನ್ ಒಪ್ಕೊಂಡಿದಾನೆ. ನಿಮ್ಮ ಹೆಸರೂ ಸೇರಿಸ್ತೀನಿ."

"ನನ್ನ ಹೆಸರು ನನ್ನ ಹತ್ರಾನೇ ಇದೆ. ಅದನ್ನ ಯಾರೂ ಕಡ ಕೇಳಿಲ್ಲ." ಸಿಪ್ಪೆಗಳನ್ನು ಕೋಳಿಗಳತ್ತ ಎಸೆದಳು. "ಅಪ್ಪನ್ನ ಕಣದೊಳಗೆ ಕರ್ಕೊಂಡು ಹೋಗಿ ಜೀವಸಮೇತ ಈಚೆ ತಂದಿದ್ದು ಆ ಹಾಡು. ನಾಳೆ ನಾನು ಹೋದ್ರೆ ನನ್ನ ಏನು ಹಾಡಿ ಕಳಿಸ್ತಾರೆ? ಕೆರ್ಲಾನ್‌ನ 'ಕೈ ಎತ್ತಿ'ನಾ? ನಾನು ಪೆಟ್ಟಿಗೆಯೊಳಗಿಂದ ಕೈ ಎತ್ಲಾ?"

ನನಗೆ ನಗು ಬಂತು. ಅವನು ಸತ್ತ ಮೇಲೆ ಮೊದಲನೆಯದು. ಅದೂ ಸಿಟ್ಟಿನ ನಗು.

"ಒಂದು ಕೇಳ್ತೀನಿ, ಓದಿದೋಳು ನೀನು," ಎಂದಳು ತಾಂಟಿ. "ಕಾರ್ನಿವಲ್ ಆದ್ಮೇಲೆ ತಂದು ಕೊಡ್ತಿದ್ನಾ?"

ನಾನು ಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ. ರಸ್ತೆಗೆ ಹೋದ ಹಾಡು ಮನೆಗೆ ಬರುವುದಿಲ್ಲ. ಊರೆಲ್ಲ ಕುಣಿದ ಮೇಲೆ ಅದು ಕುಣಿಸಿದವನದು. ಇದು ಆನ್ಸೆಲ್ಮ್‌ಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಇಲ್ಲ," ಎಂದೆ.

ಅಲ್ಲಿಂದಲೇ ಕೆರ್ಲಾನ್‌ಗೆ ಫೋನು ಮಾಡಿದೆ.

"ಹಾಡು ಕೊಡಲ್ಲ."

"ಏನಾಯ್ತು? ಹೆಸರು ಹೇಳ್ತೀನಿ ಅಂದೆನಲ್ಲ."

"ಹಳೇ ಹಾಡುಗಳಿವೆಯಲ್ಲ. ಅವಕ್ಕೆ ಅವನ ಹೆಸರು ಹೇಳು."

"ಇಷ್ಟು ದಿನ ಆದ್ಮೇಲೆ ಅದನ್ನೆಲ್ಲ ಯಾರು ಕೆದಕ್ತಾರೆ? ನೋಡು ಜೊಸೆಟ್, ಈ ಹಾಡು ಬಿಟ್ರೆ ಅವನ ಹೆಸರು ಎಲ್ಲೂ ಉಳಿಯಲ್ಲ. ನೀನು ಅವನನ್ನ ಎರಡನೇ ಸಲ ಹೂಳ್ತಿದೀಯ."

"ಮೊದಲನೇ ಸಲ ಹೂಳಿದ್ದು ನೀನು," ಎಂದೆ. ಅವನೇ ಫೋನು ಇಟ್ಟ.

ಫೋನಿನಲ್ಲಿದ್ದ ಹಾಡಿನ ಮೇಲೆ ಬೆರಳಿಟ್ಟೆ.

"ಅದರಲ್ಲಿರೋದು ಅವನ ದನಿ," ಎಂದಳು ತಾಂಟಿ.

"ಗೊತ್ತು." ಅಳಿಸಿದೆ. "ಈಗ ವಾಪಸು ಬಂದಂಗಾಯ್ತಾ?"

"ಹೆಂಗೆ ಬರುತ್ತೆ? ನಾನು ಕೊಟ್ಟಿದ್ದು ಬಾಯಲ್ಲಿ. ಬರಬೇಕಾದ್ದೂ ಬಾಯಲ್ಲೇ. ಎದ್ದು ನಿಂತು ಹಾಡು."

"ನಂಗೆ ಹಾಡೋಕೆ ಬರಲ್ಲ."

"ಅವನ ಹೆಂಡ್ತಿ ತಾನೇ? ಬೇರೆ ಯಾರು ತಂದು ಕೊಡ್ತಾರೆ?"

ಎದ್ದು ನಿಂತೆ. ಮಡಿಲಲ್ಲಿದ್ದ ತೊಗರಿಕಾಯಿ ಮೆಟ್ಟಿಲ ಮೇಲೆಲ್ಲ ಚೆಲ್ಲಿದವು. ಜಾಗರಣೆಯಲ್ಲೂ ಚರ್ಚಿನಲ್ಲೂ ತೆರೆಯದ ಬಾಯಿ ತೆರೆದೆ. ದನಿ ಒಡಕಾಗಿತ್ತು. ಮೊದಲ ಸಾಲನ್ನು ಕೆರ್ಲಾನ್‌ನ ಮೇಲಿನ ಸಿಟ್ಟಿನಲ್ಲಿ ಹಾಡಿದೆ. ಎರಡನೆಯದನ್ನು ಆನ್ಸೆಲ್ಮ್‌ನ ಮೇಲಿನ ಸಿಟ್ಟಿನಲ್ಲಿ. ಮೂರನೆಯ ಸಾಲಿನಲ್ಲಿ ದನಿ ಮೇಲಕ್ಕೆ ಹಾರಿ ಹಿಂದಿರುಗಿ ನೋಡುವಲ್ಲಿ ತಾಂಟಿ ಕೈ ಎತ್ತಿ ತಡೆದಳು.

"ನಿಲ್ಸು. ಅದು ನಮ್ಮದಲ್ಲ. ನಮ್ಮದು ಅಲ್ಲಿ ನೆಟ್ಟಗೆ ಇಳಿಯುತ್ತೆ. ಆ ತಿರುವು ಅವನದು." ನನ್ನನ್ನು ನೋಡದೆ ತೊಗರಿಕಾಯಿ ಹೆಕ್ಕತೊಡಗಿದಳು. "ಅದನ್ನ ನೀನು ತಗೊಂಡು ಹೋಗು. ಮಿಕ್ಕಿದ್ದು ಕೊಡು."

ಅವನ ತಿರುವನ್ನು ಬಿಟ್ಟು, ಮೊದಲಿನಿಂದ ಹಾಡಿದೆ.